ಟಿಬಿ ಅಂದುಕೊಂಡ ಗಂಟು: ಡಿಎಲ್‌ಬಿಸಿಎಲ್ ಚಿಕಿತ್ಸೆಯಲ್ಲಿ ನನ್ನ ಅನುಭವ

ಡಿಎಲ್‌ಬಿಸಿಎಲ್ ಎಂಬ ವೇಗವಾಗಿ ಬೆಳೆಯುವ ಲಿಂಫೋಮಾದ (ದುಗ್ಧಗ್ರಂಥಿಗಳ ಕ್ಯಾನ್ಸರ್) ರೋಗಿಗಳು ನನ್ನ ಬಳಿ ಬರುವಾಗ ಎಷ್ಟೋ ಜನರ ಫೈಲಿನಲ್ಲಿ ಆಗಲೇ ಟಿಬಿ ಮಾತ್ರೆಯ ಚೀಟಿ ಇರುತ್ತದೆ. ಕುತ್ತಿಗೆಯಲ್ಲಿ ಗಂಟು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ನಮ್ಮಲ್ಲಿ ಮೊದಲು ಕ್ಷಯವೇ ನೆನಪಾಗುವುದು ಸಹಜ. ಆದರೆ ಪುರಾವೆಯಿಲ್ಲದೆ ಮಾತ್ರೆ ಶುರುವಾಗಿ, ಗಂಟು ವಾರವಾರಕ್ಕೂ ದಪ್ಪವಾಗುತ್ತಿದ್ದರೆ ಕೋರ್ಸ್ ಮುಗಿಯಲಿ ಎಂದು ಕೂರುವಂತಿಲ್ಲ.

ಸೂಜಿ ಚುಚ್ಚಿ ತೆಗೆದ ನಾಲ್ಕು ಕೋಶಗಳು ನನಗೆ ಸಾಲವು. ಸಾಧ್ಯವಾದರೆ ಇಡೀ ಗಂಟನ್ನೇ ತೆಗೆಸುತ್ತೇನೆ. ಕೋಶಗಳ ಜೋಡಣೆ ನೋಡಿ, ಕೋಶದ ಮೇಲಿರುವ ಸಿಡಿ20 ಎಂಬ ಪ್ರೋಟೀನ್ ಮುಂತಾದ ಗುರುತುಗಳನ್ನು ಪರೀಕ್ಷಿಸಿದ ಮೇಲೆಯೇ ಯಾವ ಲಿಂಫೋಮಾ ಎಂದು ಖಚಿತವಾಗುತ್ತದೆ. ಉಸಿರಿಗೆ ಸಂಚಕಾರವಿದ್ದರೆ ಮಾತು ಬೇರೆ. ಇಲ್ಲವಾದರೆ ಬಯಾಪ್ಸಿಗೆ ಮುಂಚೆ ಸ್ಟೀರಾಯ್ಡ್ ಬೇಡವೇ ಬೇಡ. ಗಂಟು ಬೆಣ್ಣೆಯಂತೆ ಕರಗುತ್ತದೆ, ಮನೆಯವರು ವಾಸಿಯಾಯಿತೆಂದು ಹಿಗ್ಗುತ್ತಾರೆ, ಪೆಥಾಲಜಿಸ್ಟ್ ಕೈಗೆ ಸತ್ತ ಕೋಶಗಳಷ್ಟೇ ಸಿಗುತ್ತವೆ.

ವರದಿ ಬರುವಷ್ಟರಲ್ಲಿ ಪೆಟ್-ಸಿಟಿ ಸ್ಕ್ಯಾನ್, ಹೃದಯದ ಎಕೋ, ಯೂರಿಕ್ ಆಸಿಡ್, ಹೆಪಟೈಟಿಸ್ ಬಿ ಪರೀಕ್ಷೆಗಳು ಮುಗಿಯಬೇಕು. ಹೆಪಟೈಟಿಸ್ ಬಿ ಬಗ್ಗೆ ನಾನು ಹಟ ಹಿಡಿಯುತ್ತೇನೆ: ಹಿಂದೆಂದೋ ಬಂದು ಅಡಗಿದ ವೈರಸ್‌ ಈ ಲಿಂಫೋಮಾಕ್ಕೆ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿಯಿಂದ ಮತ್ತೆ ಕೆರಳಿ ಲಿವರನ್ನೇ ಹಾಳುಮಾಡಬಲ್ಲದು.

“ವಾಸಿಯಾಗುತ್ತಾ ಡಾಕ್ಟ್ರೇ?” ಅರ್ಧಕ್ಕಿಂತ ಹೆಚ್ಚು ಜನರಿಗೆ ಪೂರ್ತಿ ವಾಸಿಯಾಗುತ್ತದೆ, ದೇಹದ ಹಲವು ಕಡೆ ಹರಡಿದ್ದರೂ ಆ ಗುರಿ ಇಟ್ಟುಕೊಂಡೇ ಚಿಕಿತ್ಸೆ ಕೊಡುತ್ತೇವೆ ಎಂದು ನೇರವಾಗಿ ಹೇಳುತ್ತೇನೆ. ಆ ಚಿಕಿತ್ಸೆಯೇ ಆರ್-ಚಾಪ್, ಹಲವು ಔಷಧಿಗಳನ್ನು ಸೇರಿಸಿ ಕೊಡುವ ಕೀಮೋ: 21 ದಿನಕ್ಕೊಂದು ಸುತ್ತು, ಸಾಮಾನ್ಯವಾಗಿ 6. ಇದರಲ್ಲಿನ ರಿಟುಕ್ಸಿಮ್ಯಾಬ್ 2007ರಿಂದ ಭಾರತದಲ್ಲೇ ತಯಾರಾಗಿ ಬೆಲೆ ಇಳಿದದ್ದು ನಮ್ಮ ರೋಗಿಗಳಿಗೆ ದೊಡ್ಡ ಉಪಕಾರ.

ಮೊದಲ ಸುತ್ತಿನಲ್ಲಿ ಅದನ್ನು ಗಂಟೆಗೆ 50 ಮಿಲಿಗ್ರಾಂನಂತೆ ನಿಧಾನವಾಗಿ ಶುರುಮಾಡಿ ಹಾಸಿಗೆಯ ಹತ್ತಿರವೇ ಇರುತ್ತೇನೆ. ಚಳಿ ನಡುಕ, ಗಂಟಲು ಕೆರೆತ ಕಂಡ ಕೂಡಲೇ ಡ್ರಿಪ್ ನಿಲ್ಲಿಸಿ, ಔಷಧಿ ಕೊಟ್ಟು, ಶಮನವಾದ ಮೇಲೆ ಅರ್ಧ ವೇಗದಲ್ಲಿ ಮುಂದುವರಿಸಿದರೆ ಬಹಳಷ್ಟು ಜನ ತಡೆದುಕೊಳ್ಳುತ್ತಾರೆ. ಆರ್-ಚಾಪ್‌ನ ಇನ್ನೊಂದು ಔಷಧಿ ಡಾಕ್ಸೊರುಬಿಸಿನ್ ಕೆಂಪು ಬಣ್ಣದ್ದು. ಆಮೇಲೆ ಮೂತ್ರ ಕೆಂಪಾದರೆ ಅದು ರಕ್ತವಲ್ಲ ಎಂದು ಮೊದಲೇ ಹೇಳದಿದ್ದರೆ ಮನೆಮಂದಿಯೆಲ್ಲ ಹೆದರಿಬಿಡುತ್ತಾರೆ.

ನನ್ನ ನಿಜವಾದ ಆತಂಕ ಅವರು ಊರಿಗೆ ಮರಳಿದ ಮೇಲಿನದು. ಬಿಳಿ ರಕ್ತಕಣ ಇಳಿದಾಗ 100.4 ಡಿಗ್ರಿ ಜ್ವರವೂ ತುರ್ತೇ. ರಾಯಚೂರಿನವರು ಬೆಂಗಳೂರಿನ ಬಸ್ಸಿಗೆ ಕಾಯುತ್ತಾ ಕೂರಬಾರದು. ಹಾಗಾಗಿ ಹತ್ತಿರದ ಆಸ್ಪತ್ರೆಯ ವೈದ್ಯರಿಗೆ ಒಂದು ಪತ್ರ ಕೊಟ್ಟು ಕಳಿಸುತ್ತೇನೆ: ಕಾಯಿಲೆ ಏನು, ಕೀಮೋ ಕೊಟ್ಟ ದಿನಾಂಕ, ಒಂದು ಗಂಟೆಯೊಳಗೆ ಹಾಕಬೇಕಾದ ಆಂಟಿಬಯೋಟಿಕ್, ಕೆಳಗೆ ನನ್ನ ಫೋನ್ ನಂಬರ್.