ಮೊಳಕೆ ರಾಗಿ ಹಿಟ್ಟು: ಮುದ್ದೆ ನೀರಾದರೆ ಮಿಲ್ಲಿನವನನ್ನು ಬೈಯಬೇಡಿ

ಹೋದ ಶ್ರಾವಣದಲ್ಲಿ ನಮ್ಮ ಹಿಟ್ಟಿನ ಮಿಲ್ಲಿಗೆ ಒಬ್ಬರು ಅಜ್ಜಿ ಊಟದ ತಟ್ಟೆ ಸಮೇತ ಬಂದರು. ತಟ್ಟೆಯಲ್ಲಿ ಮುದ್ದೆ ಆಗಬೇಕಿದ್ದದ್ದು ಅಂಬಲಿ ಥರ ಅಂಚಿನವರೆಗೂ ಹರಡಿಕೊಂಡಿತ್ತು.

"ಏನ್ ಬೆರೆಸ್ದಪ್ಪಾ ನನ್ ಹಿಟ್ಗೆ? ನಿಮ್ಮಪ್ಪ ಇದ್ದಾಗ ಹಿಂಗ್ ಆಯ್ತಿರ್ಲಿಲ್ಲ."

ಅಂಗಡಿ ತುಂಬ ಜನ. ಎಲ್ಲರೂ ನನ್ನ ಮುಖ ನೋಡಿದರು. ನಾನು ಕೇಳಿದ್ದು ಒಂದೇ ಮಾತು: "ಅವ್ವಾ, ರಾಗಿ ಮೊಳಕೆ ಕಟ್ಟಿದ್ರಾ?"

"ಹೂಂ ಕಣಪ್ಪಾ. ಮಗೀನ ಗಂಜಿಗೆ ಅಂತ ಸೊಸೆ ಕಟ್ಟಿದ್ಲು. ಉಳ್ದಿತ್ತು, ಯಾಕ್ ದಂಡ ಅಂತ ಮುದ್ದೆಗೆ ಹಾಕ್ದೆ."

"ಹಂಗಾರೆ ನಿಮ್ ಸೊಸೆ ಮಾಡಿರೋ ಹಿಟ್ಟು ಫಸ್ಟ್ ಕ್ಲಾಸಾಗಿ ಅದೆ" ಅಂದೆ. ಅಜ್ಜಿ ಇನ್ನೂ ಸಿಟ್ಟಾದರು. ಗೇಲಿ ಮಾಡುತ್ತಿದ್ದೇನೆ ಅಂದುಕೊಂಡರು.

ಗೇಲಿ ಅಲ್ಲ. ನಾನು ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ ಮಾಡಿ, ಅಪ್ಪನ ಸೊಂಟ ಬಿದ್ದ ಮೇಲೆ ಮಂಡ್ಯಕ್ಕೆ ವಾಪಸ್ ಬಂದು ಮಿಲ್ಲು ಹಿಡಿದವನು. "ಎಂ.ಎಸ್ಸಿ ಓದಿ ಹಿಟ್ಟು ಬೀಸ್ತಾನೆ" ಅನ್ನುವ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಓದಿದ್ದು ಪೂರ್ತಿ ದಂಡವಾಗಲಿಲ್ಲ ಅನ್ನುವುದಕ್ಕೆ ಆ ತಟ್ಟೆಯೇ ಸಾಕ್ಷಿ. ಮೊಳಕೆ ರಾಗಿ ಹಿಟ್ಟನ್ನು ಸರಿಯಾಗಿ ಮಾಡುವುದು ಹೇಗೆ, ಮಾಡಿದ್ದು ಸರಿಯಾಗಿದೆಯೇ ಅಂತ ಮನೆಯಲ್ಲೇ ನೋಡುವುದು ಹೇಗೆ ಅಂತ ಅವತ್ತಿನಿಂದ ಕೌಂಟರಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ಮುದ್ದೆ ಯಾಕೆ ಹರಿಯಿತು. ಕಾಳಿನಲ್ಲಿ ತುಂಬಿರುವುದು ಪಿಷ್ಟ. ಪಿಷ್ಟ ಅಂದರೆ ಗ್ಲೂಕೋಸ್ ಕಣಗಳು ಒಂದಕ್ಕೊಂದು ಸೇರಿದ ಉದ್ದನೆ ಸರ. ನಮ್ಮ ಕಡೆ ಕಬ್ಬಿನ ಲೆಕ್ಕದಲ್ಲಿ ಹೇಳುವುದಾದರೆ ಗ್ಲೂಕೋಸ್ ಒಂದು ಗೆಣ್ಣು, ಪಿಷ್ಟ ಒಂದು ಉದ್ದ ಜಲ್ಲೆ. ಈ ಜಲ್ಲೆಗಳು ಬಿಸಿನೀರು ಕುಡಿದು ಊದಿ, ಒಂದಕ್ಕೊಂದು ಸಿಕ್ಕಿಕೊಂಡರೇನೇ ಮುದ್ದೆ ಗಟ್ಟಿ ನಿಲ್ಲುವುದು. ಕಾಳಿಗೆ ನೀರು ತಾಗಿದಾಗ ಒಳಗಿನ ಭ್ರೂಣ ಎದ್ದು ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಅದು ತಲುಪಿದ ಮೇಲೆ ಕಾಳಿನ ಹೊರಪದರ ಆಲ್ಫಾ ಅಮೈಲೇಸ್ ಎಂಬ ಎಂಜೈಮನ್ನು, ಅಂದರೆ ಪಿಷ್ಟ ಕತ್ತರಿಸುವ ಕತ್ತರಿಯನ್ನು, ತಯಾರಿಸುತ್ತದೆ. ಆಲ್ಫಾ ಜಲ್ಲೆಯನ್ನು ನಡುವೆ ಸಿಕ್ಕಸಿಕ್ಕಲ್ಲಿ ಕಡಿಯುತ್ತದೆ. ಜೊತೆಗಿರುವ ಬೀಟಾ ಅಮೈಲೇಸ್ ಶಿಸ್ತಿನ ಆಳು, ತುದಿಯಿಂದ ಎರಡೆರಡು ಗೆಣ್ಣು ಮಾತ್ರ ಮುರಿಯುತ್ತದೆ. ಆ ಎರಡು ಗೆಣ್ಣಿನ ತುಂಡೇ ಮಾಲ್ಟೋಸ್ ಸಕ್ಕರೆ. ಗಂಜಿ ತೆಳ್ಳಗಾಗುವುದು ಮುಖ್ಯವಾಗಿ ಆಲ್ಫಾದಿಂದ, ಸಿಹಿಯಾಗುವುದು ಹೆಚ್ಚಾಗಿ ಬೀಟಾದಿಂದ. ಜಲ್ಲೆಗಳೆಲ್ಲ ತುಂಡಾದ ಮೇಲೆ ಮುದ್ದೆ ನಿಲ್ಲುವುದೆಲ್ಲಿ? 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿ 'ಡಯಾಸ್ಟೇಸ್' ಅಂತ ಹೆಸರಿಟ್ಟದ್ದು ಇಂಥದನ್ನೇ. ಪ್ರಯೋಗಾಲಯದಲ್ಲಿ ಹೀಗೆ ಬೇರ್ಪಟ್ಟ ಮೊದಲ ಎಂಜೈಮ್ ಅದು. ಹೆಚ್ಚಿನ ಎಂಜೈಮುಗಳ ಹೆಸರು 'ಏಸ್' ಅಂತ ಮುಗಿಯುವುದು ಅದರಿಂದಲೇ.

ಇನ್ನು ಕೆಲಸಕ್ಕೆ ಬರೋಣ. ಒಂದು ಕಿಲೋ ರಾಗಿ ತಗೊಳ್ಳಿ. ಬಿತ್ತನೆಗೆ ಔಷಧಿ ಹಾಕಿದ್ದು ಬೇಡವೇ ಬೇಡ. ತೀರಾ ಹಳೆಯದೂ ಬೇಡ, ಮೊಳಕೆ ಒಡೆಯುವುದಿಲ್ಲ. ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ನಮ್ಮ ಪಕ್ಕದಲ್ಲೇ ಇರುವುದರಿಂದ ಮಂಡ್ಯದವರಿಗೆ ರಾಗಿ ತಳಿಯ ಬಗ್ಗೆ ಸ್ವಲ್ಪ ಜಂಬ ಜಾಸ್ತಿ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದು ಅಲ್ಲೇ. ಮೊಳಕೆಗೆ ತಳಿ ಯಾವುದಾದರೂ ನಡೆಯುತ್ತದೆ.

ಕಲ್ಲು ಜಾಲಿಸಿ, ನೀರು ತಿಳಿಯಾಗುವವರೆಗೆ ತೊಳೆದು, ತೇಲುವ ಜೊಳ್ಳು ಚೆಲ್ಲಿ, ರಾತ್ರಿಯೆಲ್ಲ ನೆನೆಹಾಕಿ. ಬೆಳಿಗ್ಗೆ ಬಸಿದು, ಒಗೆದ ಹಳೆ ಪಂಚೆಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿದು ಕಟ್ಟಿದರೆ ನಡುವೆ ಗಾಳಿಯಾಡದೆ ಬಿಸಿ ಏರಿ ಹುಳಿ ವಾಸನೆ ಬರುತ್ತದೆ. ದಿನಕ್ಕೆ ಎರಡು ಸಲ ಬಿಚ್ಚಿ ಒಳ್ಳೆ ನೀರಲ್ಲಿ ಜಾಲಾಡಿ ಮತ್ತೆ ಕಟ್ಟಿ. ಬೇಸಿಗೆಯಲ್ಲಿ ಎರಡು ದಿನ ಸಾಕು, ಮಾಗಿಯಲ್ಲಿ ಮೂರು ದಿನ ಬೇಕು. ಬಿಳಿ ದಾರದಂಥ ಬೇರು ಅರ್ಧ ಇಂಚು ಬಂದರೆ ನಿಲ್ಲಿಸಿ. ಬಟ್ಟೆ ಲೋಳೆಯಾಗಿದ್ದರೆ, ಕಪ್ಪೋ ಹಸಿರೋ ಬೂಸ್ಟು ಕಂಡರೆ, ಅಷ್ಟನ್ನೂ ತಿಪ್ಪೆಗೆ ಹಾಕಿ. ಮೊಳಕೆಗೆ ಹಿತವಾದ ಬೆಚ್ಚಗಿನ ಒದ್ದೆಯೇ ಬ್ಯಾಕ್ಟೀರಿಯಾಕ್ಕೂ ಹಿತ.

ಈ ಎರಡು ದಿನದಲ್ಲಿ ಪಿಷ್ಟ ಒಂದೇ ಅಲ್ಲ, ಪ್ರೋಟೀಯೇಸ್ ಎಂಬ ಎಂಜೈಮುಗಳು ಕೂಡಿಟ್ಟ ಪ್ರೋಟೀನನ್ನು ಕತ್ತರಿಸಿ ಅಮೈನೋ ಆಮ್ಲಗಳನ್ನು ಬಿಡಿಸುತ್ತವೆ. ಫೈಟೇಸ್ ಎಂಬುದು ಕಬ್ಬಿಣ, ಸುಣ್ಣದಂಶವನ್ನು ಹಿಡಿದಿಟ್ಟಿರುವ ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಕಾಳು ಉಸಿರಾಡುತ್ತಾ ತನ್ನ ಗಂಟಿನಿಂದಲೇ ಸ್ವಲ್ಪ ಸುಟ್ಟುಕೊಳ್ಳುತ್ತದೆ, ಅದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಬೇರನ್ನೂ ನಾವು ತೆಗೆದುಹಾಕುತ್ತೇವೆ. ಹಾಗಾಗಿ ಒಂದು ಕಿಲೋ ರಾಗಿ ನೆನೆಹಾಕಿದವರಿಗೆ ಒಂದು ಕಿಲೋ ಹಿಟ್ಟು ಯಾವತ್ತೂ ಬರುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ತಕ್ಕಡಿ ಮುಂದೆ ನಿಂತು ನನ್ನನ್ನು ಕಳ್ಳನ ಥರ ನೋಡಿದವರು ಒಬ್ಬಿಬ್ಬರಲ್ಲ.

ಬಹಳ ಜನ ಕೆಡಿಸುವುದು ಇದರ ಮುಂದಿನ ಹಂತದಲ್ಲಿ. ಮೊಳಕೆ ಬರಿಸುವುದು ಸುಲಭ, ಬಂದದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಎಂಜೈಮ್ ಎಂಬುದು ಪ್ರೋಟೀನು. 1926ರಲ್ಲಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಯೂರಿಯೇಸ್ ಎಂಬ ಎಂಜೈಮಿನ ಹರಳು ತೆಗೆದು ಅದು ಪ್ರೋಟೀನೇ ಅಂತ ತೋರಿಸಿದರು. ಎಷ್ಟೋ ವರ್ಷ ಯಾರೂ ಸರಿಯಾಗಿ ನಂಬಲಿಲ್ಲ, ನೊಬೆಲ್ ಬಂದದ್ದು 1946ರಲ್ಲಿ. ಪ್ರೋಟೀನು ಅಂದರೆ 20 ಬಗೆಯ ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡು, ಆ ಸರ ಒಂದು ನಿರ್ದಿಷ್ಟ ಆಕಾರಕ್ಕೆ ಮಡಚಿಕೊಂಡದ್ದು. ಅಮೈಲೇಸಿನ ಮಡಿಕೆಯಲ್ಲಿ ಪಿಷ್ಟ ಕೂರುವಂಥ ಒಂದು ಸಂದು ಇದೆ, ಕೊಯ್ಯುವ ಕೆಲಸ ನಡೆಯುವುದು ಅಲ್ಲೇ. ಜೋರು ಬಿಸಿ ತಾಗಿದರೆ ಸರ ಹರಿಯುವುದಿಲ್ಲ, ಮಡಿಕೆ ಬಿಚ್ಚಿಕೊಳ್ಳುತ್ತದೆ. ಬೆಂದ ಮೊಟ್ಟೆಯ ಬಿಳಿ ಮತ್ತೆ ನೀರಾಗದ ಹಾಗೆ ಇದೂ ಹಿಂದಕ್ಕೆ ಬರುವುದಿಲ್ಲ.

ಒಂದು ಉಪಾಯ ಉಂಟು. ಒದ್ದೆ ಇದ್ದಾಗ ಬೇಗ ಸಾಯುವ ಎಂಜೈಮ್ ಒಣಗಿದ ಮೇಲೆ ಅಷ್ಟೇ ಬಿಸಿಯನ್ನು ತಡೆದುಕೊಳ್ಳುತ್ತದೆ. ಅದಕ್ಕೇ ಹಸಿ ಮೊಳಕೆಯನ್ನು ನೇರ ಬಾಣಲೆಗೆ ಸುರಿಯಬೇಡಿ. ಮಹಡಿ ಮೇಲೆ ಬಟ್ಟೆ ಹಾಸಿ ತೆಳುವಾಗಿ ಹರಡಿ, ಒಂದೆರಡು ದಿನ ಬಿಸಿಲಿಗೆ ಇಡಿ. ಕಾಳು ಹಲ್ಲಿಗೆ ಕಟ್ ಅನ್ನಬೇಕು, ಬೇರು ಬೆರಳಿಗೆ ಪುಡಿಯಾಗಬೇಕು. ಆಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಬೇರುಗಳನ್ನೆಲ್ಲ ಹಾರಿಸಿಬಿಡಿ. ಬೇರು ಉಳಿದರೆ ಹಿಟ್ಟು ಕಹಿ.

ಹುರಿಯುವಾಗ ಸಣ್ಣ ಉರಿ, ದಪ್ಪ ತಳದ ಬಾಣಲೆ, ಒಂದು ಸಲಕ್ಕೆ ಎರಡು ಹಿಡಿ. ಕೈ ಬಿಡದೆ ಆಡಿಸುತ್ತಿರಿ. ನಡುನಡುವೆ ನಾಲ್ಕು ಕಾಳು ಅಂಗೈಗೆ ಹಾಕಿಕೊಳ್ಳಿ. ಬಿಸಿ ಅನ್ನಿಸಬೇಕು, ಆದರೆ ಕೊಡವಿ ಬಿಸಾಕುವಷ್ಟಲ್ಲ. ಎಳೆ ಘಮ ಏಳುತ್ತಿದ್ದಂತೆ ಇಳಿಸಿ. ಆ ಘಮ ಅಂದರೆ ಬಿಡುಗಡೆಯಾದ ಅಮೈನೋ ಆಮ್ಲ ಮತ್ತು ಸಕ್ಕರೆ ಬಿಸಿಯಲ್ಲಿ ಕೂಡಿ ಹುಟ್ಟಿಸುವ ವಾಸನೆ. ಮೇಯಾರ್ ಕ್ರಿಯೆ ಅನ್ನುತ್ತಾರೆ, ದೋಸೆ ಕೆಂಪಗಾಗುವುದರ ಹಿಂದೆಯೂ ಅದೇ. ಘಮದ ಆಸೆಗೆ ಬಿದ್ದು ಮುಂದುವರಿಸಿದರೆ ಎಂಜೈಮ್ ಹೋಯಿತು, ರಾಗಿಯಲ್ಲಿ ಮೊದಲೇ ಕಡಿಮೆ ಇರುವ ಲೈಸೀನ್ ಎಂಬ ಅಮೈನೋ ಆಮ್ಲವೂ ಸುಟ್ಟುಹೋಯಿತು. ನಾನು ಮೊದಲ ಸಲ ಮಾಡಿದಾಗ ಚಟಪಟ ಅರಳುವವರೆಗೂ ಹುರಿದಿದ್ದೆ. ಬೀದಿಯೆಲ್ಲ ಘಮಘಮ. ಗಂಜಿಗೆ ಹಾಕಿದರೆ ಒಂದಿಷ್ಟೂ ಕರಗಲಿಲ್ಲ. ಎಂ.ಎಸ್ಸಿ ಇದ್ದೂ ಹುರಿಹಿಟ್ಟು ಮಾಡಿದ್ದೆ, ಅಷ್ಟೇ.

ಮಿಲ್ಲಿಗೆ ತಂದಾಗ ಎರಡು ಮಾತು ಹೇಳಿ: ಕಲ್ಲು ಸ್ವಲ್ಪ ಸಡಿಲ ಬಿಡಲಿ, ಮೆಣಸಿನಕಾಯಿ ಹಾಕಿದ ಮಿಷನ್‌ಗೆ ಹಾಕದಿರಲಿ. ಬಿಗಿ ಕಲ್ಲಿನಿಂದ ಬರುವ ಹಿಟ್ಟು ಕೈ ಸುಡುತ್ತದೆ. ಮನೆಗೆ ಹೋದ ತಕ್ಷಣ ಪೇಪರಿನ ಮೇಲೆ ಹರಡಿ ಆರಿಸಿ, ಬಿಸಿಯಲ್ಲೇ ಡಬ್ಬಕ್ಕೆ ತುಂಬಿ ಮುಚ್ಚಿದರೆ ಬೆವರುತ್ತದೆ.

ಈಗ ಪರೀಕ್ಷೆ. ಮೊಳಕೆ ಕಟ್ಟದ ಮಾಮೂಲಿ ರಾಗಿ ಹಿಟ್ಟಿನಲ್ಲಿ ಗಟ್ಟಿ ಗಂಜಿ ಕಾಯಿಸಿ, ಸೌಟು ನೆಟ್ಟರೆ ನಿಲ್ಲುವಷ್ಟು. ಎರಡು ಲೋಟಕ್ಕೆ ಹಾಕಿ. ಬೆರಳದ್ದಿದರೆ ಒಂದು ಕ್ಷಣ ಮಾತ್ರ ತಡೆಯಲಾಗುವಷ್ಟು ಆರಲಿ, ಸುಮಾರು 60 ಡಿಗ್ರಿ. ಒಂದು ಲೋಟಕ್ಕೆ ಮಾತ್ರ ಒಂದು ಸಣ್ಣ ಚಮಚ ಮೊಳಕೆ ಹಿಟ್ಟು ಹಾಕಿ ಕಲಸಿ. ಹತ್ತು ನಿಮಿಷ ನೋಡುತ್ತಾ ಕೂರಿ. ಹಿಟ್ಟು ಜೀವಂತವಾಗಿದ್ದರೆ ಮೊದಲು ಚಮಚದ ಸುತ್ತ ಹೊಳಪು ಬರುತ್ತದೆ, ಆಮೇಲೆ ಚಮಚ ಸಲೀಸಾಗಿ ತಿರುಗುತ್ತದೆ, ಕೊನೆಗೆ ಲೋಟ ವಾಲಿಸಿದರೆ ಪಾಯಸದ ಹಾಗೆ ಹರಿಯುತ್ತದೆ. ಪಕ್ಕದ ಲೋಟ ಮಾತ್ರ ಮೇಲೆ ಕೆನೆಗಟ್ಟಿ ಕೂತಿರುತ್ತದೆ. ಅಜ್ಜಿಗೆ ನಾನು ಮಿಲ್ಲಿನ ಗಲ್ಲಾಪೆಟ್ಟಿಗೆ ಮೇಲೆ ಮಾಡಿ ತೋರಿಸಿದ್ದು ಇದನ್ನೇ. ಕುದಿಯುತ್ತಿರುವಾಗ ಹಾಕಿದರೆ ಏನೂ ಆಗುವುದಿಲ್ಲ, ತಣ್ಣಗಾದ ಮೇಲೆ ಹಾಕಿದರೆ ಗಂಟೆಗಟ್ಟಲೆ ಕಾಯಬೇಕು. ಮಜ್ಜಿಗೆ ಬೆರೆಸುವುದಿದ್ದರೆ ಕೊನೆಗೆ ಬೆರೆಸಿ. ಹುಳಿ ಜಾಸ್ತಿಯಾದರೆ ಅಮೈಲೇಸ್ ಸೊರಗುತ್ತದೆ.

ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದರೆ ಅನ್ನದ ಗಂಜಿಯಲ್ಲಿ ಇದೇ ಆಟ ಆಡಿಸಿ, ಬಣ್ಣ ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಗಂಜಿಯನ್ನು ನೀರಿಗೆ ಬಿಟ್ಟು, ಮೆಡಿಕಲ್ ಶಾಪಿನ ಟಿಂಕ್ಚರ್ ಅಯೋಡಿನ್ ಒಂದು ಹನಿ ಹಾಕಿದರೆ ಕಡುನೀಲಿ. ಎಂಜೈಮ್ ಕೆಲಸ ಮಾಡುತ್ತಾ ಹೋದ ಹಾಗೆ ಅದೇ ನೇರಳೆ, ಆಮೇಲೆ ಕಂದು. ಅಯೋಡಿನ್ ಹಾಕಿದ್ದನ್ನು ಯಾರೂ ಬಾಯಿಗೆ ಇಡದ ಹಾಗೆ ಆವಾಗಲೇ ಮೋರಿಗೆ ಚೆಲ್ಲಿ.

ಇಷ್ಟೆಲ್ಲ ಯಾಕೆ? ಆರು ತಿಂಗಳು ದಾಟಿದ ಮಗು ಗಟ್ಟಿ ಗಂಜಿ ನುಂಗಲಾರದು. ನೀರು ಸುರಿದು ತೆಳ್ಳಗೆ ಮಾಡಿದರೆ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬಿಹೋಗುತ್ತದೆ. ಮೊಳಕೆ ಹಿಟ್ಟು ನೀರು ಸೇರಿಸದೆಯೇ ತೆಳ್ಳಗೆ ಮಾಡುತ್ತದೆ, ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ಮಲ್ಲೇಶಿ ಮತ್ತು ದೇಸಿಕಾಚಾರ್ 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ರೂಪಿಸಿದ್ದರ ಹಿಂದೆ ಇದ್ದದ್ದೂ ಈ ಯೋಚನೆಯೇ. ತೆಳ್ಳಗಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಿಯೇ ಮಗುವಿಗೆ ಕೊಡಿ. ಅಷ್ಟೊತ್ತಿಗೆ ಎಂಜೈಮಿನ ಕೆಲಸ ಮುಗಿದಿರುತ್ತದೆ, ಸತ್ತರೆ ನಷ್ಟವಿಲ್ಲ. ಬ್ಯಾಕ್ಟೀರಿಯಾ ಉಳಿದಿದ್ದರೆ ಅದೂ ಸಾಯಲಿ.

ಹೆಸರುಕಾಳು ಯಾಕೆ ಅಂದರೆ, 100 ಗ್ರಾಂ ರಾಗಿಯಲ್ಲಿ ಪ್ರೋಟೀನು ಸುಮಾರು 7 ಗ್ರಾಂ ಮಾತ್ರ, ಅದರಲ್ಲೂ ಲೈಸೀನ್ ಕೊರತೆ. ಕಾಳುಗಳಲ್ಲಿ ಲೈಸೀನ್ ಧಾರಾಳ, ಆದರೆ ಮೆಥಿಯೋನೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಕಮ್ಮಿ. ಮೆಥಿಯೋನೀನ್ ರಾಗಿಯಲ್ಲಿ ಪರವಾಗಿಲ್ಲ. ಮುದ್ದೆಗೆ ಅವರೆಕಾಳು ಸಾರು ಹೊಂದುವುದು ರುಚಿಯಿಂದ ಮಾತ್ರ ಅಲ್ಲ. ಮೂರು ಪಾಲು ರಾಗಿಗೆ ಒಂದು ಪಾಲು ಹೆಸರುಕಾಳು ಹಾಕಿ, ಆದರೆ ಬೇರೆಯಾಗಿ ಮೊಳಕೆ ಕಟ್ಟಿ ಬೇರೆಯಾಗಿಯೇ ಹುರಿಯಿರಿ. ಹಸಿಕಾಳಿನಲ್ಲಿ ನಮ್ಮ ಜೀರ್ಣದ ಎಂಜೈಮಾದ ಟ್ರಿಪ್ಸಿನ್‌ಗೆ ಅಡ್ಡ ಬರುವ ಪದಾರ್ಥ ಇರುತ್ತದೆ. ಅದೂ ಒಂದು ಪ್ರೋಟೀನೇ. ರಾಗಿಯಲ್ಲಿ ಉಳಿಸಿಕೊಳ್ಳಬೇಕಾದದ್ದಿದೆ, ಹೆಸರುಕಾಳಿನಲ್ಲಿ ಕೊಲ್ಲಬೇಕಾದದ್ದಿದೆ. ಹಾಗಾಗಿ ಹೆಸರುಕಾಳನ್ನು ಧೈರ್ಯವಾಗಿ ಕೆಂಪಗೆ ಹುರಿಯಬಹುದು.

ಕೊನೆಗೆ ಡಬ್ಬದ ವಿಷಯ. ರಾಗಿಯಲ್ಲಿ ಕೊಬ್ಬು 100 ಗ್ರಾಮಿಗೆ 2 ಗ್ರಾಮಿಗಿಂತ ಕಡಿಮೆ. 5 ಗ್ರಾಮಿನ ಆಸುಪಾಸು ಕೊಬ್ಬಿರುವ ಸಜ್ಜೆ ಹಿಟ್ಟು ಬೇಗ ಕಹಿಯಾಗಿ, ರಾಗಿ ಹಿಟ್ಟು ತಿಂಗಳುಗಟ್ಟಲೆ ಇರುವುದು ಅದಕ್ಕೇ. ಮೊಳಕೆ ಹಿಟ್ಟಿಗೆ ಮಾತ್ರ ಆ ಭಾಗ್ಯ ಇಲ್ಲ. ಲೈಪೇಸ್ ಎಂಬ ಎಂಜೈಮ್ ಕೊಬ್ಬನ್ನು ಒಡೆದು ಫ್ಯಾಟಿ ಆಸಿಡ್‌ಗಳನ್ನು ಬಿಡಿಸುತ್ತದೆ. ಅವುಗಳಲ್ಲಿ ಎರಡು ಜೋಡಿಬಂಧವಿರುವ ಲಿನೋಲಿಕ್ ಆಮ್ಲಕ್ಕೆ ಗಾಳಿಯ ಆಮ್ಲಜನಕ ತಗುಲಿದರೆ ಹಳೆ ಎಣ್ಣೆಯ ಕಮಟು ಹುಟ್ಟುತ್ತದೆ. ಒಂದು ಚಿಟಿಕೆ ಅಂಗೈಯಲ್ಲಿ ಉಜ್ಜಿ ಮೂಸಿ, ಮೂಗಿಗೆ ಗೊತ್ತಾಗಿಬಿಡುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ, ಫ್ರಿಜ್ಜು, ಒಂದು ತಿಂಗಳಿಗೆ ಆಗುವಷ್ಟೇ ಹಿಟ್ಟು.

ಅಜ್ಜಿ ಈಗಲೂ ಬರುತ್ತಾರೆ, ಎರಡು ಡಬ್ಬ ಹಿಡಿದು. ಓದು ಬಾರದ್ದಕ್ಕೆ ಗಂಜಿ ಡಬ್ಬದ ಕಂಠಕ್ಕೆ ಕೆಂಪು ದಾರ ಸುತ್ತಿದ್ದಾರೆ. ಮೊನ್ನೆ ನನ್ನ ಹುಡುಗ ಅದನ್ನು ಮುದ್ದೆ ರಾಗಿ ಜೊತೆ ಒಟ್ಟಿಗೆ ಸುರಿಯಲು ಹೋದಾಗ ಅವನ ಕೈ ಹಿಡಿದು, "ಲೇ, ದಾರ ಕಾಣಾಕಿಲ್ವೇನ್ಲಾ? ಅದ್ರಲ್ಲಿ ಕತ್ರಿ ಅದೆ" ಅಂದರು.