ಕೈಪಿಡಿ ಪ್ರಿಂಟ್ ಹಾಕಿಸೋದಾ, ಆನ್‌ಲೈನಲ್ಲೇ ಓದೋದಾ?

ಪ್ರಾಜೆಕ್ಟ್ ಶುರುವಾದರೆ ಸಾಕು, ಕೆಲವರು ನೂರಾರು ಪುಟದ ಡೇಟಾಶೀಟನ್ನು (ಬಿಡಿಭಾಗದ ತಾಂತ್ರಿಕ ವಿವರಗಳ ಕೈಪಿಡಿ) ಇಡಿಯಾಗಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸುತ್ತಾರೆ. ಇನ್ನು ಕೆಲವರು ಎಲ್ಲಾ ಮೊಬೈಲಲ್ಲೇ ಇದೆಯಲ್ಲ ಅಂತ ಸುಮ್ನಿರುತ್ತಾರೆ. ಎರಡೂ ಬೇಡ. ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಮಾಹಿತಿ ಮುಂದಿನ ಸೆಮಿಸ್ಟರಿಗೆ ಬದಲಾಗುತ್ತದಾ?

ಸಾಫ್ಟ್‌ವೇರ್ ಆದರೆ ಬದಲಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಇತ್ತೀಚೆಗೆ ಪರಿಚಯದ ವಿದ್ಯಾರ್ಥಿನಿಯೊಬ್ಬಳು ಪ್ರೋಗ್ರಾಂ ಹಾಕಿ ಓಡಿಸುವ ಇಎಸ್‌ಪಿ32 ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಹಿಡಿದು ಬಂದಿದ್ದಳು. ಎಲ್‌ಇಡಿ ಬೆಳಕು ಹೆಚ್ಚು ಕಡಿಮೆ ಮಾಡುವ ಪುಟ್ಟ ಪ್ರೋಗ್ರಾಂ, ಲ್ಯಾಬ್ ಮ್ಯಾನ್ಯುಯಲ್ ನೋಡಿ ಅಕ್ಷರ ಬಿಡದೆ ಟೈಪ್ ಮಾಡಿದ್ದಾಳೆ, ಆದರೂ ಎರಡು ದಿನದಿಂದ ಕಂಪೈಲ್ ಆಗುತ್ತಿಲ್ಲ, ತಾನೇ ದಡ್ಡಿ ಅಂದುಕೊಂಡಿದ್ದಾಳೆ. ತಪ್ಪು ಅವಳದ್ದಲ್ಲ. ಆರ್ಡುಯಿನೊ ಎಂಬ ಪ್ರೋಗ್ರಾಂ ಬರೆಯುವ ತಂತ್ರಾಂಶದಲ್ಲಿ ಈ ಬೋರ್ಡಿಗೆ ಹಾಕುವ ಪ್ಯಾಕೇಜು 2024ರಲ್ಲಿ 3.0 ಆಯಿತು. ಆಗ ‘ಲೆಡ್‌ಸಿ ಸೆಟಪ್’, ‘ಲೆಡ್‌ಸಿ ಅಟ್ಯಾಚ್ ಪಿನ್’ ಎಂಬ ಎರಡು ಫಂಕ್ಷನ್‌ಗಳನ್ನೂ ತೆಗೆದು ‘ಲೆಡ್‌ಸಿ ಅಟ್ಯಾಚ್’ ಅಂತ ಒಂದೇ ಮಾಡಿದರು. ಮ್ಯಾನ್ಯುಯಲ್ ಅದಕ್ಕೂ ಹಳೆಯದು. ಹಳೆಯದರಿಂದ ಹೊಸದಕ್ಕೆ ಏನೇನು ಬದಲಾಗಿದೆ ಅಂತ ಆನ್‌ಲೈನ್ ಕೈಪಿಡಿಯಲ್ಲಿ ಒಂದು ಪುಟವೇ ಇದೆ. ಹತ್ತು ನಿಮಿಷದಲ್ಲಿ ಸರಿಹೋಯಿತು.

ಹಾಗಂತ ಆನ್‌ಲೈನಲ್ಲಿ ಮೊದಲು ಸಿಕ್ಕ ಪುಟವನ್ನೇ ನಂಬಬೇಡಿ. ನಿಮ್ಮ ಕಂಪ್ಯೂಟರಲ್ಲಿ ಇರುವ ಆವೃತ್ತಿ ಯಾವುದು ಅಂತ ಮೊದಲು ನೋಡಿ, ಆಮೇಲೆ ಅದೇ ಆವೃತ್ತಿಯ ಕೈಪಿಡಿ ತೆರೆಯಿರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೈಪಿಡಿಯ ಪುಟದ ಮೇಲ್ಭಾಗದಲ್ಲೇ ಆವೃತ್ತಿ ಆರಿಸುವ ಪಟ್ಟಿ ಇದೆ, ಎಷ್ಟೋ ಜನ ಅದನ್ನು ಗಮನಿಸುವುದೇ ಇಲ್ಲ. ‘ಡಿಸ್ಟ್‌ಯುಟಿಲ್ಸ್’ ಎಂಬ ಭಾಗವನ್ನು 3.12ರಲ್ಲಿ ತೆಗೆದುಹಾಕಿದ್ದಾರೆ. 3.11ರ ಕೈಪಿಡಿ ನೋಡುತ್ತಾ ಕೂತರೆ ಅದು ಇದೆ ಅಂತಲೇ ಅನಿಸುತ್ತದೆ, ಅಲ್ವಾ?

ಈಗ ಕಾಗದದ ವಿಷಯಕ್ಕೆ, ಅಂದರೆ ಬದಲಾಗದ ಮಾಹಿತಿಗೆ ಬರೋಣ. ಒಂದು ಕೈಯಲ್ಲಿ ಸೋಲ್ಡರಿಂಗ್ ಐರನ್ ಇರುವಾಗ ಲಾಕ್ ಆದ ಮೊಬೈಲನ್ನು ಮತ್ತೆ ಮತ್ತೆ ತೆರೆಯುವುದು ಆಗದ ಮಾತು. ವೋಲ್ಟೇಜನ್ನು ಸ್ಥಿರವಾಗಿಡುವ 7805, 7905 ಎಂಬ ಐಸಿಗಳು (ಚಿಪ್‌ಗಳು) ಎರಡೂ ನೋಡಲು ಒಂದೇ ಥರ. ಬರಹ ಇರುವ ಮುಖವನ್ನು ನಮ್ಮ ಕಡೆಗಿಟ್ಟರೆ 7805ರಲ್ಲಿ ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7905ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ನೆನಪಿನ ಮೇಲೆ ಜೋಡಿಸಿದರೆ ಸುಟ್ಟುಹೋಗಬಹುದು. ಪಿನ್‌ಗಳ ಚಿತ್ರ, ಗರಿಷ್ಠ ಮಿತಿಗಳ ಪಟ್ಟಿ, ಮಾದರಿ ಸರ್ಕ್ಯೂಟ್, ಈ ಮೂರೇ ಸಾಕು. ಒಂದು ಐಸಿಗೆ ಮೂರು ನಾಲ್ಕು ಪುಟ ಜೆರಾಕ್ಸ್ ಮಾಡಿಸಿ ಮೇಜಿನ ಎದುರಿನ ಗೋಡೆಗೆ ಅಂಟಿಸಿ.

ಮೆಕ್ಯಾನಿಕಲ್‌ನವರಿಗೆ ಲೆಕ್ಕ ಬೇರೆ. ಮಷಿನ್ ಡಿಸೈನ್ ಪರೀಕ್ಷೆಗೆ ಸೂತ್ರ, ಕೋಷ್ಟಕಗಳಿರುವ ಡೇಟಾ ಹ್ಯಾಂಡ್‌ಬುಕ್ ಒಳಗೆ ಬಿಡುತ್ತಾರೆ, ಮೊಬೈಲ್ ಬಿಡುವುದಿಲ್ಲ. ಹಾಗಾಗಿ ವರ್ಷವಿಡೀ ಪಿಡಿಎಫ್‌ನಲ್ಲಿ ಹುಡುಕಿ ಅಭ್ಯಾಸ ಮಾಡಿಕೊಂಡವರು ಪರೀಕ್ಷೆಯ ದಿನ ಪುಟ ತಿರುವುತ್ತಾ ಸಮಯ ಕಳೆದುಕೊಳ್ಳುತ್ತಾರೆ. ಮೊದಲ ವಾರದಿಂದಲೇ ಪುಸ್ತಕದಲ್ಲಿ ಲೆಕ್ಕ ಮಾಡಿ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಯಾವ ಹ್ಯಾಂಡ್‌ಬುಕ್‌ಗೆ ಅನುಮತಿ ಇದೆ ಅಂತ ಮೇಷ್ಟ್ರನ್ನು ಕೇಳಿಕೊಂಡೇ ಹೋಗಿ.

ಹಾಸ್ಟೆಲಲ್ಲಿ ನೆಟ್ ಸರಿಯಿಲ್ಲವಾ? ಪ್ರಿಂಟ್‌ಗೆ ಓಡಬೇಡಿ, ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪೈಥಾನ್ ಕೈಪಿಡಿ ಇಡಿಯಾಗಿ ಬಿಟ್ಟಿ ಸಿಗುತ್ತದೆ. ‘ಜೀಲ್’ ಅನ್ನುವ ತಂತ್ರಾಂಶ ಹಾಕಿಕೊಂಡರೆ ಹತ್ತಾರು ಪ್ರೋಗ್ರಾಮಿಂಗ್ ಭಾಷೆಗಳ ಕೈಪಿಡಿಯನ್ನು ನೆಟ್ ಇಲ್ಲದೆ ಹುಡುಕಬಹುದು. ಲಿನಕ್ಸ್‌ನಲ್ಲಿ ‘ಮ್ಯಾನ್’ ಪುಟಗಳಿವೆ, ಅಂದರೆ ಟರ್ಮಿನಲಲ್ಲೇ ತೆರೆಯುವ ಕೈಪಿಡಿ. ಅಲ್ಲಿ ಬರೀ ‘ಮ್ಯಾನ್ ಪ್ರಿಂಟ್‌ಎಫ್’ ಅಂದರೆ ಸಾಮಾನ್ಯವಾಗಿ ಟರ್ಮಿನಲ್ ಕಮಾಂಡಿನ ವಿವರಣೆ ಬರುತ್ತದೆ. ಸಿ ಭಾಷೆಯ ಫಂಕ್ಷನ್ ಬೇಕಿದ್ದರೆ ನಡುವೆ 3 ಸೇರಿಸಿ.

ಪ್ರಿಂಟ್ ಹಾಕಿಸಿದ ಪ್ರತಿ ಹಾಳೆಯ ಮೂಲೆಯಲ್ಲೂ ಆವೃತ್ತಿ ಮತ್ತು ದಿನಾಂಕ ಬರೆದಿಡಿ. ಅದನ್ನು ಜೂನಿಯರ್‌ಗೆ ಕೊಟ್ಟು ಹೋಗುವವರಂತೂ ಮರೆಯದೆ ಬರೆಯಿರಿ.