ಕಾಲು ಕೆಳಗೆ ಜಗ್ಗುತ್ತಿದ್ದರೆ ಸೀಸ ಎಲ್ಲಿರಬೇಕು? ನನ್ನ ಅನುಭವ

ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ನೀರೊಳಗೆ ಈಜುವ ಸ್ಕೂಬಾ ಕಲಿತವರೆಲ್ಲ ಕೇಳುವ ಪ್ರಶ್ನೆ ಒಂದೇ: ಮುಳುಗಲು ನಂಗೆ ಎಷ್ಟು ಕೆಜಿ ಸೀಸ ಬೇಕು? ಆ ಸೀಸ ಮೈಮೇಲೆ ಎಲ್ಲಿ ಕೂರಬೇಕು ಅಂತ ಕೇಳುವವರು ಕಮ್ಮಿ. ನನ್ನ ಮಟ್ಟಿಗೆ ಎರಡನೇದೇ ದೊಡ್ಡ ವಿಷಯ. ಜಾಗ ಬದಲಿಸಿದ ಮೇಲೆ ನನಗೆ ಸೀಸವೇ ಮೊದಲಿಗಿಂತ ಕಮ್ಮಿ ಸಾಕಾಯಿತು.

ನಾನಿರುವುದು ಶಿವಮೊಗ್ಗದಲ್ಲಿ. ಡೈವ್ ಮಾಡುವುದು ನೇತ್ರಾಣಿ ದ್ವೀಪದ ಹತ್ತಿರ, ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಮಳೆಗಾಲದಲ್ಲಿ ಅಲ್ಲಿ ಎಲ್ಲ ಬಂದ್. ಹಾಗಾಗಿ ಪ್ರಯೋಗಕ್ಕೆ ನಮ್ಮೂರಿನ ಈಜುಕೊಳವೇ ಗತಿ. ಬೆಳಗಿನ ಬ್ಯಾಚ್ ಮುಗಿದ ಮೇಲೆ, ಪರಿಚಯದವರ ಕೈಕಾಲು ಹಿಡಿದು ಒಂದಿಷ್ಟು ಹೊತ್ತು ಗಿಟ್ಟಿಸಿಕೊಳ್ಳುತ್ತಿದ್ದೆ.

ನೀರೊಳಗೆ ಹೊಟ್ಟೆ ಕೆಳಗಾಗಿ ಮಟ್ಟಸವಾಗಿ ತೇಲುವುದಕ್ಕೆ ಟ್ರಿಮ್ ಅಂತಾರೆ. ನನ್ನ ತಲೆ ಮೇಲೆ, ಕಾಲು ಕೆಳಗೆ ಇರುತ್ತಿತ್ತು. ಜೊತೆಗೆ ಬರುವ ಗೆಳೆಯ ದೋಣಿ ಹತ್ತಿದ ಮೇಲೆ ಹೇಳಿದ, "ಎಂತ ಮಾರಾಯ, ನೀರೊಳಗೂ ನಿಂತ್ಕಂಡೇ ಹೋಗ್ತೀಯಲ್ಲ!"

ಇದು ಬರೀ ನೋಡಲು ಚೆಂದ ಕಾಣದ ವಿಷಯ ಅಲ್ಲ. ಮೈ ಓರೆಯಾಗಿದ್ದರೆ ಕಾಲಿಗೆ ಹಾಕುವ ಫಿನ್ (ಈಜುರೆಕ್ಕೆ) ಒದ್ದಾಗ ಮುಂದೆ ಮಾತ್ರ ಹೋಗಲ್ಲ, ಮೇಲಕ್ಕೂ ಹೋಗುತ್ತೇವೆ. ಮೇಲೆ ಹೋಗುತ್ತಿದ್ದೀನಲ್ಲ ಅಂತ, ಗಾಳಿ ತುಂಬಿ ತೇಲುವುದಕ್ಕೆ ಹಾಕಿಕೊಂಡ ಜಾಕೆಟ್ಟಿನ ಗಾಳಿ ಬಿಡುತ್ತೇವೆ, ಗಾಳಿ ಬಿಟ್ಟರೆ ಭಾರ ಆಗುತ್ತೇವೆ, ಭಾರ ಆದ ಮೇಲೆ ಒದೆಯುವುದು ನಿಲ್ಲಿಸಿದ ತಕ್ಷಣ ಕೆಳಗೆ ಇಳಿಯುತ್ತೇವೆ, ಅದಕ್ಕೇ ಇಡೀ ಡೈವ್ ಒದೆಯುತ್ತಲೇ ಇರಬೇಕು. ಸಿಲಿಂಡರ್ ಬೇಗ ಖಾಲಿ. ಸಾಲದ್ದಕ್ಕೆ ಜಾಕೆಟ್ಟಿನಲ್ಲಿ ಉಳಿದ ಗಾಳಿ ಎತ್ತರದ ಕಡೆಗೇ ಓಡುತ್ತದೆ, ಅಂದರೆ ಭುಜಕ್ಕೆ. ಭುಜ ಇನ್ನೂ ಮೇಲೇಳುತ್ತದೆ, ಕಾಲು ಇನ್ನೂ ಇಳಿಯುತ್ತದೆ.

ಕಾರಣ ಸರಳ. ನಮ್ಮನ್ನು ಎತ್ತಿ ಹಿಡಿಯುವುದು ಮುಖ್ಯವಾಗಿ ಎದೆಯೊಳಗಿನ ಗಾಳಿ. ಬೆಲ್ಟಿನ ಸೀಸ ಕೂರುವುದು ಸೊಂಟದಲ್ಲಿ. ಮೇಲೆಳೆಯುವುದು ಒಂದು ಕಡೆ, ಕೆಳಗೆಳೆಯುವುದು ಇನ್ನೊಂದು ಕಡೆ. ಬೆನ್ನಿಗೆ ಹೊತ್ತ ಅಡಿಕೆ ಮೂಟೆ ಸೊಂಟಕ್ಕೆ ಜಾರಿದರೆ ಆಳು ಹಿಂದಕ್ಕೆ ವಾಲುವುದಿಲ್ವಾ, ಅದೇ ಕಥೆ. ತೂಕ ಅಷ್ಟೇ, ಜಾಗ ಬೇರೆ.

ಸೀಸ ಮುಟ್ಟುವ ಮೊದಲು ಮೈ ಸರಿಮಾಡಿಕೊಂಡೆ. ತೊಡೆ ನೇರ, ಮಂಡಿಯಿಂದ ಕೆಳಗೆ ಮಡಚಿ ಫಿನ್ ಮೇಲಕ್ಕೆ, ಕೈ ಮುಂದಕ್ಕೆ, ಕತ್ತು ಎತ್ತಿ ಮುಂದೆ ನೋಟ. ಮಂಡಿ ಮಡಚಿದರೆ ಫಿನ್ನಿನ ಭಾರ ಸೊಂಟದ ಹತ್ತಿರ ಬರುತ್ತದೆ, ಕೈ ಚಾಚಿದರೆ ಸ್ವಲ್ಪ ಭಾರ ತಲೆ ಕಡೆಗೆ. ಇಷ್ಟಕ್ಕೇ ಅರ್ಧ ತೊಂದರೆ ಹೋಯಿತು. ಕಾಸು ಖರ್ಚಿಲ್ಲ.

ಇನ್ನು ಪರೀಕ್ಷೆ. ಕೊಳದ ಗೋಡೆಯ ಪಕ್ಕ ನೀರಿನ ನಡುಮಟ್ಟದಲ್ಲಿ ತೇಲುತ್ತಾ ಸುಮ್ನೆ ಇರುವುದು. ಕೈ ಆಡಿಸಬಾರದು, ಫಿನ್ ಆಡಿಸಬಾರದು, ಉಸಿರು ಮಾತ್ರ ಮಾಮೂಲಿ ನಡೀಬೇಕು, ಹಿಡಿಯಬಾರದು. ಗೋಡೆಯ ಟೈಲ್ ಸಾಲಿದೆಯಲ್ಲ, ಅದೇ ಮಟ್ಟಗೋಲು. ಭುಜ ಯಾವ ಸಾಲಿನಲ್ಲಿದೆ, ಮಂಡಿ ಯಾವ ಸಾಲಿಗೆ ಇಳಿಯಿತು ಅಂತ ಗೆಳೆಯ ಪಕ್ಕದಿಂದ ವಿಡಿಯೋ ತೆಗೆದ. ಮೊದಲ ಕ್ಷಣ ಎಲ್ಲ ಸರಿ ಇರುತ್ತದೆ. ಆಮೇಲೆ ಮಂಡಿ ನಿಧಾನಕ್ಕೆ ಒಂದು ಟೈಲ್, ಇನ್ನೊಂದು ಟೈಲ್ ಅಂತ ಇಳಿಯುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತಿತ್ತು. ನೀರೊಳಗೆ ಇರುವವನಿಗೆ ಇದು ಗೊತ್ತೇ ಆಗುವುದಿಲ್ಲ.

ಅರ್ಧ ಅರ್ಧ ಕೆಜಿಯ ಎರಡು ತುಂಡು ಸೀಸವನ್ನು ಬೆಲ್ಟಿನಿಂದ ತೆಗೆದು, ಸಿಲಿಂಡರ್ ಕಟ್ಟುವ ಮೇಲಿನ ಪಟ್ಟಿಗೆ, ಎಡಕ್ಕೊಂದು ಬಲಕ್ಕೊಂದು ಹಾಕಿದೆ. ಅದಕ್ಕೆ ಬೇಕಾದ ಚೀಲ ಅಂಗಡಿಯಲ್ಲಿ ಸಿಗುತ್ತದೆ, ನಾನು ಗಾಂಧಿ ಬಜಾರಿನಲ್ಲಿ ಬ್ಯಾಗ್ ಹೊಲಿಯುವವರ ಹತ್ತಿರ ಹೊಲಿಸಿದೆ. ಒಳಗೆ ಎಂತ ಹಾಕ್ತೀರಿ ಅಂದರು. ಸೀಸ ಅಂದೆ. ಮತ್ತೆ ಏನೂ ಕೇಳಲಿಲ್ಲ. ಮಂಡಿ ನಿಂತಲ್ಲೇ ನಿಂತಿತು. ಆಸೆಗೆ ಇನ್ನೊಂದು ಕೆಜಿ ಏರಿಸಿದರೆ ತಲೆ ಕೆಳಗಾಗಲು ಶುರುವಾಯಿತು, ವಾಪಸ್ ತೆಗೆದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಎಲ್ಲ ಸೀಸವನ್ನೂ ಸಿಲಿಂಡರಿಗೆ ಕಟ್ಟಲೂ ಬೇಡಿ. ತುರ್ತಿನಲ್ಲಿ ಒಂದೇ ಕೈಯಲ್ಲಿ ಬಿಚ್ಚಿ ಬಿಸಾಡುವಷ್ಟು ಬೆಲ್ಟಿನಲ್ಲಿ ಇರಲೇಬೇಕು.

ಈ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನಲ್ಲಿ ಮಾಡಿ ಪ್ರಯೋಜನ ಇಲ್ಲ. ನಮ್ಮಲ್ಲಿ ಕೊಡುವ ಮಾಮೂಲಿ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿಗೆ 200 ಬಾರ್ ಒತ್ತಡದವರೆಗೆ ಗಾಳಿ ತುಂಬಿದರೆ ಒಳಗಿನ ಗಾಳಿಯೇ ಎರಡೂವರೆ ಕೆಜಿಗಿಂತ ಜಾಸ್ತಿ ತೂಗುತ್ತದೆ. ತುಂಬಿದಾಗ ಮುಳುಗುವ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ತೇಲುತ್ತದೆ, ಅದರಲ್ಲೂ ಬುಡದ ಭಾಗ ಜಾಸ್ತಿ, ಯಾಕೆಂದರೆ ವಾಲ್ವ್, ಉಸಿರಾಡುವ ರೆಗ್ಯುಲೇಟರ್ ಎಲ್ಲ ಕತ್ತಿನ ಕಡೆ ಇವೆ. ಅಂದರೆ ಡೈವ್ ಕೊನೆಗೆ ಸೊಂಟ ತಾನಾಗೇ ಸ್ವಲ್ಪ ಮೇಲೇಳುತ್ತದೆ. ಅದಕ್ಕೇ ನಾನು 50–70 ಬಾರ್ ಉಳಿದಾಗ ನೋಡಿ ಸರಿಮಾಡಿಕೊಂಡೆ.

ಕೊಳದ ಲೆಕ್ಕವನ್ನು ಸಮುದ್ರಕ್ಕೆ ಹಾಗೇ ಒಯ್ಯಲಾಗದು. ಉಪ್ಪುನೀರು ಶೇ. 2.5ರಷ್ಟು ಹೆಚ್ಚು ಸಾಂದ್ರ, ಹಾಗಾಗಿ ನಾನು, ಸಾಮಾನು ಎಲ್ಲ ಸೇರಿ 100 ಕೆಜಿ ಅಂದರೆ ಎರಡೂವರೆ ಕೆಜಿ ಸೀಸ ಹೆಚ್ಚಿಗೆ ಬೇಕು. ಅದನ್ನು ಬೆಲ್ಟಿಗೇ ಸೇರಿಸಿ, ಮತ್ತೆ ಕಾಲು ಜಗ್ಗುತ್ತದೋ ಅಂತ ಅಲ್ಲೇ ಒಮ್ಮೆ ನೋಡಿಕೊಂಡೆ. ನೇತ್ರಾಣಿಯಲ್ಲಿ ಮೈ ಬೆಚ್ಚಗಿಡುವ 3 ಮಿ.ಮೀ. ದಪ್ಪದ ವೆಟ್‌ಸೂಟಿಗೆ ಮೊದಲು 6 ಕೆಜಿ ಕಟ್ಟುತ್ತಿದ್ದೆ, ಅಷ್ಟೂ ಸೊಂಟಕ್ಕೆ. ಈಗ ಬೆಲ್ಟಿಗೆ 4, ಮೇಲಿನ ಪಟ್ಟಿಗೆ 1. ಕೊನೆಯಲ್ಲಿ, ಮೇಲೆ ಬರುವ ಮುನ್ನ ಸುರಕ್ಷತೆಗೆ 5 ಮೀಟರ್ ಆಳದಲ್ಲಿ ನಿಲ್ಲುವಾಗ ಜಾಕೆಟ್ ಖಾಲಿ ಇದ್ದರೂ ಆರಾಮಾಗಿ ನಿಲ್ಲುತ್ತೇನೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಡೈವ್ ಮುಗಿಸಿ ಅದೇ ಸಂಜೆ ಘಟ್ಟ ಹತ್ತಬೇಡಿ. ಸಾಗರ, ಶಿವಮೊಗ್ಗ ಎಲ್ಲ 500 ಮೀಟರಿಗಿಂತ ಎತ್ತರದಲ್ಲಿವೆ, ಡೈವಿಂಗ್ ಲೆಕ್ಕದಲ್ಲಿ 300 ಮೀಟರ್ ದಾಟಿದರೇ ಎತ್ತರದ ಪ್ರದೇಶ. ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ಡೈವಿನಲ್ಲಿ ಮೈಗೆ ಸೇರಿದ ನೈಟ್ರೋಜನ್ ಗುಳ್ಳೆಯಾಗಬಹುದು; ಅದು ಹೊರಗೆ ಹೋಗಲು ಸಮಯ ಬೇಕು. ನಾವು ಮುರುಡೇಶ್ವರದಲ್ಲೇ ರಾತ್ರಿ ಉಳಿದು ಮರುದಿನ ಹೊರಡುತ್ತೇವೆ.

ಬಾಡಿಗೆ ಸಾಮಾನು ಬಳಸುವವರು ಸಿಲಿಂಡರ್ ಯಾವುದು, ಸೂಟ್ ಎಷ್ಟು ದಪ್ಪ, ಫಿನ್ ರಬ್ಬರಿನದೋ ಪ್ಲಾಸ್ಟಿಕ್ಕಿನದೋ, ಸೀಸ ಎಲ್ಲೆಲ್ಲಿ ಎಷ್ಟು ಅಂತ ಪ್ರತಿ ಸಲ ಬರೆದಿಟ್ಟುಕೊಳ್ಳಿ. ಅಲ್ಯೂಮಿನಿಯಂ ಬದಲು ಸ್ಟೀಲ್ ಸಿಲಿಂಡರ್ ಕೊಟ್ಟರಂತೂ ಮೇಲೆ ಹೇಳಿದ ತೂಕ ಯಾವುದೂ ಹೊಂದುವುದಿಲ್ಲ, ಮೊದಲಿಂದ ನೋಡಬೇಕು.